ಗುಂಯ್ ಎನ್ನುವ ಗಿಟಾರಿಗೆ ಹೊಸ ಪಿಕಪ್

ಹಾಗಲವಾಡಿ ಹೋಬಳಿಯ ಗಣಪತಿ ಪೆಂಡಾಲೇ ಇರಲಿ, ಗುಬ್ಬಿಯ ಛತ್ರವೊಂದರ ಆರತಕ್ಷತೆಯೇ ಇರಲಿ, ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಹಿಡಿದವರ ದೂರು ಸಾಮಾನ್ಯವಾಗಿ ಒಂದೇ: ಹಾಡು ನಿಂತರೂ ಗಿಟಾರ್ ಗುಂಯ್ ಅನ್ನುತ್ತಲೇ ಇರುತ್ತದೆ. ಪಕ್ಕದಲ್ಲಿ ಜನರೇಟರ್, ತಲೆಯ ಮೇಲೆ ಸೀರಿಯಲ್ ಸೆಟ್, ಹಿಂದಿನ ತೋಟದಲ್ಲಿ ಬೋರ್‌ವೆಲ್ ಮೋಟಾರ್. ಇಂಥ ಜಾಗದಲ್ಲಿ ನುಡಿಸುವವರು ಪಿಕಪ್ ಬದಲಾಯಿಸಲು ಹೊರಟರೆ ಬ್ರ್ಯಾಂಡಿನ ಹೆಸರಿಗಿಂತ ಮೊದಲು ಈ ಗುಂಯ್ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು.

ಪಿಕಪ್ ಮೈಕ್ ಅಲ್ಲ. ವೀಣೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಮರದ ಕಂಪನವನ್ನು ಹಿಡಿಯುತ್ತದೆ. ಗಿಟಾರಿನ ಪಿಕಪ್ ಹಿಡಿಯುವುದು ಕಬ್ಬಿಣದ ಅಂಶವಿರುವ ತಂತಿಯ ಅಲುಗಾಟವನ್ನು. ಒಳಗೆ ಅಯಸ್ಕಾಂತ, ಅದರ ಸುತ್ತ ಎನಾಮಲ್ ಲೇಪದ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಅಲುಗಿ, ಕಾಯಿಲಿನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅಮೆರಿಕದ ಜಾರ್ಜ್ ಬೀಚಮ್ 1931ರಲ್ಲಿ ಮಾಡಿದ ಮಾದರಿಯಿಂದ ಇಂದಿನ ಅಗ್ಗದ ಗಿಟಾರಿನವರೆಗೆ ತತ್ವ ಇದೇ.

ಬೋರ್‌ವೆಲ್ ಮೋಟಾರಿಗೆ ಕಾಯಿಲ್ ಸುತ್ತುವ ವೈಂಡಿಂಗ್ ಅಂಗಡಿಯವರಿಗೆ ಇದನ್ನೆಲ್ಲ ವಿವರಿಸುವ ಅಗತ್ಯವೇ ಇಲ್ಲ. ಆದರೆ ಪಿಕಪ್ ರಿವೈಂಡ್ ಮಾಡಿಕೊಡಿ ಎಂದು ಅವರಲ್ಲಿಗೆ ಹೋಗಬೇಡಿ. ಪಿಕಪ್ಪಿನ ತಂತಿಯ ದಪ್ಪ ಸುಮಾರು 0.063 ಮಿಲಿಮೀಟರ್, ಒಂದೇ ಕಾಯಿಲಿಗೆ ಏಳೆಂಟು ಸಾವಿರ ಸುತ್ತು. ಮೋಟಾರ್ ಸುತ್ತಿ ಪಳಗಿದ ಕೈ ಸ್ವಲ್ಪ ಎಳೆದರೂ ತುಂಡಾಗುತ್ತದೆ. ಅವರ ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಮಾತ್ರ ಖಂಡಿತ ಉಪಯೋಗಕ್ಕೆ ಬರುತ್ತವೆ.

ಕಾಯಿಲಿಗೆ ತಂತಿಯ ಅದುರು ಯಾವುದು, ಕರೆಂಟಿನ 50 ಹರ್ಟ್ಸ್ ಕಾಂತಕ್ಷೇತ್ರ ಯಾವುದು ಎಂಬ ಭೇದವಿಲ್ಲ. ಒಂದೇ ಕಾಯಿಲಿನ ಪಿಕಪ್, ಅಂದರೆ ಸಿಂಗಲ್ ಕಾಯಿಲ್, ಎರಡನ್ನೂ ಆಂಪ್‌ಗೆ ಸಾಗಿಸುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಎರಡು ಕಾಯಿಲ್, ವಿರುದ್ಧ ದಿಕ್ಕಿನ ಸಂಪರ್ಕ, ವಿರುದ್ಧ ಧ್ರುವದ ಅಯಸ್ಕಾಂತ. ತಂತಿಯ ಸಂಕೇತ ಒಂದಕ್ಕೊಂದು ಕೂಡುತ್ತದೆ, ಹೊರಗಿನಿಂದ ಬಂದ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ. ಹಂಬಕರ್ ಎನ್ನುವುದು ಇದನ್ನೇ.

ನಿಮ್ಮ ಗಿಟಾರಿನ ರೋಗ ಯಾವುದು? ಆಂಪ್ ಹಾಕಿ, ನುಡಿಸದೆ, ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ದಿಕ್ಕು ಬದಲಾದಂತೆ ಸದ್ದು ಏರಿಳಿದರೆ ಅದು ಕಾಯಿಲ್ ಹಿಡಿಯುತ್ತಿರುವ ಕಾಂತಕ್ಷೇತ್ರ. ಹಂಬಕರ್ ಹಾಕಿದರೆ ಹೋಗುತ್ತದೆ. ತಂತಿ ಮುಟ್ಟಿದಾಗ ಜರ್ ಎನ್ನುವ ಸದ್ದು ತಗ್ಗಿದರೆ ಅರ್ತ್ ಸರಿಯಿದೆ, ಒಳಗೆ ಶೀಲ್ಡಿಂಗ್ ಸಾಲದು. ಪಿಕಪ್ ಕೂರುವ ಗುಳಿಗೆ ತಾಮ್ರದ ಹಾಳೆ ಅಂಟಿಸಿ ಅದನ್ನು ಅರ್ತ್‌ಗೆ ಸೇರಿಸಿದರೆ ಕೆಲಸ ಅಗ್ಗದಲ್ಲಿ ಮುಗಿಯಿತು. ಮುಟ್ಟಿದಾಗ ಸದ್ದು ಹೆಚ್ಚಾದರೆ ಬ್ರಿಡ್ಜ್‌ನ ಅರ್ತ್ ವೈರ್ ಕಿತ್ತುಹೋಗಿದೆಯೇ ನೋಡಿ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆದರೆ ಅದು ಪಿಕಪ್ಪಿನ ದೋಷವಲ್ಲ, ಪೆಂಡಾಲಿನ ವೈರಿಂಗ್ ಅಥವಾ ಆಂಪ್‌ನ ಅರ್ತ್ ದೋಷ. ಆಂಪ್‌ನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಅರ್ತ್ ಪಿನ್ ಮುರಿದುಹಾಕುವುದು, ಪಿನ್ ಇಲ್ಲದೆ ಬರೀ ವೈರ್ ತುದಿಯನ್ನು ಸಾಕೆಟ್ಟಿಗೆ ಸಿಕ್ಕಿಸಿ ಬೆಂಕಿಕಡ್ಡಿ ತುರುಕುವುದು, ಇವೆರಡೂ ಜೀವ ತೆಗೆಯುವ ಕೆಲಸ. ಮೊದಲು ಮೈಕ್ ಸೆಟ್ಟಿನವರಿಂದ ಅರ್ತಿಂಗ್ ಸರಿಮಾಡಿಸಿ, ಅಲ್ಲಿಯವರೆಗೆ ನುಡಿಸಬೇಡಿ.

ಕೊಳ್ಳುವ ಮುಂಚೆ ಅಳತೆ. ಗಿಟಾರ್ ಬಿಚ್ಚದೆಯೇ, ಅದಕ್ಕೆ ಸಿಕ್ಕಿಸಿದ ಕೇಬಲ್ಲಿನ ಇನ್ನೊಂದು ತುದಿಗೆ ಮೀಟರ್ ಹಿಡಿದು, ವಾಲ್ಯೂಮ್ ಪೂರ್ತಿ ತಿರುಗಿಸಿ ಓಮ್ ನೋಡಬಹುದು. ಸಿಂಗಲ್ ಕಾಯಿಲ್ ಆದರೆ ಸಾಮಾನ್ಯವಾಗಿ 5.5ರಿಂದ 6.5 ಕಿಲೋ ಓಮ್, ಹಳೇ ಶೈಲಿಯ ಹಂಬಕರ್ ಆದರೆ 8ರ ಆಸುಪಾಸು. ಓಮ್ ಜಾಸ್ತಿಯಿದ್ದರೆ ಪಿಕಪ್ ಒಳ್ಳೆಯದು ಎಂದು ಮಾರುವವರು ಹೇಳಿದರೆ ನಂಬಬೇಡಿ. ತಂತಿ ತೆಳ್ಳಗಿದ್ದರೂ ಓಮ್ ಏರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿರಬಹುದು, ಎಷ್ಟೋ ಸಲ ಜ್ಯಾಕ್‌ನ ಬೆಸುಗೆ ಬಿಟ್ಟಿರುತ್ತದೆ.

ಸ್ಟ್ರ್ಯಾಟ್ ಮಾದರಿಯ ಮೂರು ಸಿಂಗಲ್ ಕಾಯಿಲ್‌ಗಳ ಗಿಟಾರಿದ್ದರೆ ನನ್ನ ಸಲಹೆ ಇಷ್ಟೇ: ಮೂರನ್ನೂ ಬದಲಿಸಬೇಡಿ. ಬ್ರಿಡ್ಜ್ ಹತ್ತಿರದ್ದನ್ನು ಮಾತ್ರ ತೆಗೆದು ಅದೇ ಅಳತೆಯ ರೈಲ್ ಹಂಬಕರ್ ಹಾಕಿ. ಮೇಲೆ ಎರಡು ಉಕ್ಕಿನ ಪಟ್ಟಿ ಕಾಣುವ ಪಿಕಪ್ ಅದು, ಮರ ಕೊರೆಯಬೇಕಿಲ್ಲ. ಪಟ್ಟಿಯಾದ್ದರಿಂದ ತಂತಿಗಳ ಅಂತರ ಹೊಂದುತ್ತದೆಯೇ ಎಂಬ ತಲೆನೋವೂ ಇಲ್ಲ. ಬಿಡಿ ಧ್ರುವಗಳ ಪಿಕಪ್ ಆದರೆ ಮೊದಲ ತಂತಿಯಿಂದ ಆರನೆಯದಕ್ಕೆ ಇರುವ ಅಂತರವನ್ನು ಅಳೆದೇ ಕೊಳ್ಳಬೇಕು. ಅಗ್ಗದ ಗಿಟಾರುಗಳಲ್ಲಿ ಅದು ಒಂದರಂತೆ ಇನ್ನೊಂದಿರುವುದಿಲ್ಲ. ಗುಳಿಯ ಆಳವನ್ನೂ ನೋಡಿಕೊಳ್ಳಿ.

ಹಳೇ ವೈರ್‌ಗಳನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹಂಬಕರಿನ ನಾಲ್ಕು ವೈರ್‌ಗಳ ಬಣ್ಣ ಕಂಪನಿಗೊಂದು ಥರ. ಸೆಮೋರ್ ಡಂಕನ್‌ನದಾದರೆ ಕಪ್ಪು ಸ್ವಿಚ್ಚಿಗೆ ಹೋಗುತ್ತದೆ, ಹಸಿರು ಅರ್ತ್‌ಗೆ, ಕೆಂಪು ಬಿಳಿ ಎರಡನ್ನೂ ಸೇರಿಸಿ ಬೆಸೆದು ಟೇಪ್ ಸುತ್ತಬೇಕು. ಡಿಮಾರ್ಜಿಯೋದಲ್ಲಿ ಸ್ವಿಚ್ಚಿಗೆ ಹೋಗುವುದು ಕೆಂಪು, ಅರ್ತ್ ಹಸಿರೇ, ಸೇರಿಸಬೇಕಾದ್ದು ಕಪ್ಪು ಬಿಳಿ. ಹೆಸರಿಲ್ಲದ ಪಿಕಪ್ಪಿಗೆ ಮೀಟರೇ ಗತಿ. ಪಾಟ್‌ನ, ಅಂದರೆ ವಾಲ್ಯೂಮ್ ತಿರುಗಿಸುವ ಬಿಡಿಭಾಗದ, ಬೆನ್ನಿಗೆ ಅರ್ತ್ ಬೆಸೆಯುವಾಗ 25 ವ್ಯಾಟಿನ ಸಣ್ಣ ಐರನ್ ಸಾಲದು. ಬಿಸಿ ಏರುವಷ್ಟರಲ್ಲಿ ಪಾಟ್ ಒಳಗೇ ಸುಟ್ಟಿರುತ್ತದೆ. 40ರಿಂದ 60 ವ್ಯಾಟಿನದು ಹಿಡಿದು, ಮೇಲ್ಮೈಯನ್ನು ಸ್ವಲ್ಪ ಕೆರೆದು, ಮೂರ್ನಾಲ್ಕು ಸೆಕೆಂಡಿನಲ್ಲಿ ಮುಗಿಸಿ.

ಪಿಕ್‌ಗಾರ್ಡ್ ಮುಚ್ಚುವ ಮುಂಚೆ ಆಂಪ್ ಹಾಕಿ, ಒಂದೊಂದು ಪಿಕಪ್ಪಿನ ಮೇಲೂ ಸ್ಕ್ರೂಡ್ರೈವರ್ ತಾಗಿಸಿ, ಟಕ್ ಎನ್ನಬೇಕು. ಎರಡು ಪಿಕಪ್ ಸೇರುವ ಸ್ವಿಚ್ ಜಾಗದಲ್ಲಿ ನಾದ ಸಣಕಲಾಗಿ ಮೂಗಿನಲ್ಲಿ ಹಾಡಿದ ಹಾಗೆ ಕೇಳಿದರೆ ಫೇಸ್ ತಿರುವುಮುರುವಾಗಿದೆ: ನಾಲ್ಕು ವೈರಿನ ಹೊಸ ಪಿಕಪ್ಪಿನಲ್ಲಿ ಸ್ವಿಚ್ಚಿನ ವೈರ್ ಮತ್ತು ಹಸಿರನ್ನು ಅದಲುಬದಲು ಮಾಡಿ. ಬರಿಯ ಶೀಲ್ಡ್ ವೈರ್ ಮಾತ್ರ ಅರ್ತ್‌ನಲ್ಲೇ ಇರಲಿ.

ಕೊನೆಗೆ ಎತ್ತರ. ಕಟ್ಟಕಡೆಯ ಫ್ರೆಟ್ ಒತ್ತಿ ಹಿಡಿದು, ತಂತಿಗೂ ಪಿಕಪ್ಪಿಗೂ ದಪ್ಪ ತಂತಿಯ ಕಡೆ ಎರಡು ಮಿಲಿಮೀಟರಿನಿಂದ ಶುರುಮಾಡಿ, ಸಣ್ಣ ತಂತಿಯ ಕಡೆ ಸ್ವಲ್ಪ ಕಡಿಮೆ. ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನು ಸೆಳೆದು ಶ್ರುತಿಯನ್ನೇ ಕೆಡಿಸುತ್ತದೆ, ಮುಖ್ಯವಾಗಿ ನೆಕ್ ಕಡೆಯ ಪಿಕಪ್ಪಿನಲ್ಲಿ. ಎತ್ತರ ಹೊಂದಿಸುವ ಸ್ಕ್ರೂ ತಿರುಗಿಸಿದ ಮೇಲೆ ಹಳೇ ಪಿಕಪ್ಪೇ ಸಾಕು ಅನ್ನಿಸುವುದೂ ಉಂಟು. ಹಾಗಾಗಿ ದುಡ್ಡು ಬಿಚ್ಚುವ ಮುಂಚೆಯೇ ಒಮ್ಮೆ ಇದನ್ನು ಮಾಡಿ ನೋಡಬಹುದು.