ಒಂದೇ ಮನೆತನದ ಹಲವು ಲಿಪಿಗಳು

ಅಕ್ಷರವೊಂದರ ಸಂಕೇತ ಕಂಪ್ಯೂಟರಿಗೆ ತಲುಪಿದರೂ ಅದರ ರೂಪ ಯಾವ ಫಾಂಟಿನಲ್ಲೂ ಸಿಗದಿದ್ದಾಗ ಪರದೆಯ ಮೇಲೆ ಮೂಡುವ ಖಾಲಿ ಚೌಕಕ್ಕೆ ವೃತ್ತಿನಿರತರು ‘ತೋಫು’ ಎನ್ನುತ್ತಾರೆ. ಈ ತೋಫು ಎಲ್ಲಿಯೂ ಕಾಣಬಾರದೆಂಬ ಉದ್ದೇಶದಿಂದ ಗೂಗಲ್ ಸಂಸ್ಥೆಯು ಮೊನೊಟೈಪ್ ಸಂಸ್ಥೆಯೊಡನೆ ಸೇರಿ ರೂಪಿಸಿದ, 2016ರ ಹೊತ್ತಿಗೆ 100ಕ್ಕೂ ಹೆಚ್ಚು ಲಿಪಿಗಳನ್ನೂ 800 ಭಾಷೆಗಳನ್ನೂ ಒಳಗೊಂಡಿದ್ದ ‘ನೋಟೊ’, ಫಾಂಟ್ ಕುಟುಂಬವನ್ನು, ಅಂದರೆ ಒಂದೇ ವಿನ್ಯಾಸದ ತೆಳು, ದಪ್ಪ ಮುಂತಾದ ಭೇದಗಳ ಸಮೂಹವನ್ನು, ವಿಸ್ತರಿಸುವ ಕೆಲಸಕ್ಕೆ ದೊಡ್ಡ ನಿದರ್ಶನವಾಗಿದೆ.

ಭಾಷೆಯನ್ನು ಸೇರಿಸುವುದೂ ಲಿಪಿಯನ್ನು ಸೇರಿಸುವುದೂ ಬೇರೆಬೇರೆ ಕೆಲಸಗಳು. ಲ್ಯಾಟಿನ್ ಲಿಪಿಯ ಫಾಂಟೊಂದು ತುರ್ಕಿ ಭಾಷೆಗೆ ಒದಗಬೇಕಾದರೆ ಕೆಲವು ಅಕ್ಷರಗಳನ್ನು ಬರೆದು ಸೇರಿಸಿದರಷ್ಟೇ ಸಾಲದು. ಚುಕ್ಕಿಯುಳ್ಳ ‘ಐ’ ಮತ್ತು ಚುಕ್ಕಿಯಿಲ್ಲದ ‘ಐ’ ಅಲ್ಲಿ ಎರಡು ಪ್ರತ್ಯೇಕ ಅಕ್ಷರಗಳಾದ್ದರಿಂದ, ‘ಎಫ್’ ಜೊತೆ ಬೆಸೆದಾಗ ಚುಕ್ಕಿಯನ್ನು ನುಂಗುವ ಜೋಡಿ ಅಕ್ಷರವನ್ನು ಆ ಭಾಷೆಯ ಮಟ್ಟಿಗೆ ತಡೆಹಿಡಿಯುವ ನಿಯಮವನ್ನೂ ಫಾಂಟಿನೊಳಗೆ ಬರೆಯಬೇಕಾಗುತ್ತದೆ.

ಹೊಸ ಲಿಪಿ ಬಂದಾಗ ಕುಟುಂಬದ ಹೋಲಿಕೆ ಎಂದರೇನೆಂಬುದೇ ಪ್ರಶ್ನೆಯಾಗುತ್ತದೆ. ಲ್ಯಾಟಿನ್ ಅಕ್ಷರಗಳ ಬಹುಪಾಲು ಒಂದೇ ಪಟ್ಟಿಯೊಳಗೆ ಕುಳಿತು ಅಲ್ಲೊಂದು ಇಲ್ಲೊಂದು ಗೆರೆಯನ್ನು ಮೇಲೆ ಕೆಳಗೆ ಚಾಚಿದರೆ, ಕನ್ನಡದ ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರವೊಂದಕ್ಕೇ ಎರಡು ಒತ್ತುಗಳು ಬಿದ್ದು ಅಕ್ಷರ ಆಳಕ್ಕಿಳಿಯುತ್ತದೆ. ಲ್ಯಾಟಿನ್ನಿಗೆಂದು ನಿಗದಿಯಾದ ಸಾಲಿನ ಎತ್ತರದೊಳಗೆ ಇದನ್ನು ತುರುಕಲು ಹೊರಟರೆ ಒತ್ತು ಕುಗ್ಗುತ್ತದೆ, ಇಲ್ಲವೇ ಅದರ ಬುಡ ಕತ್ತರಿಸಿಹೋಗುತ್ತದೆ. ಹೀಗಾಗಿಯೇ ನೋಟೊದಲ್ಲಿ ಪರದೆಯ ಮೇಲಿನ ಇಕ್ಕಟ್ಟಾದ ಗುಂಡಿ, ಪಟ್ಟಿಗಳಿಗೆಂದು ಎತ್ತರ ತಗ್ಗಿಸಿದ ಪ್ರತ್ಯೇಕ ಕನ್ನಡ ರೂಪವೊಂದನ್ನು ಸಿದ್ಧಪಡಿಸಬೇಕಾಯಿತು. ಸಾಲುಗಳ ನಡುವೆ ಜಾಗ ಬಿಡುವುದೇ ಇದಕ್ಕಿಂತ ಮರ್ಯಾದೆಯ ಪರಿಹಾರವಾದರೂ, ಅದು ಫಾಂಟ್ ರಚಿಸುವವರ ಕೈಯಲ್ಲಿ ಪೂರ್ತಿಯಾಗಿ ಇರುವುದಿಲ್ಲ. ಗೆರೆಯ ದಪ್ಪದ ಲೆಕ್ಕವೂ ಹೀಗೆಯೇ: ಎರಡು ಲಿಪಿಗಳಿಗೂ ಒಂದೇ ಅಳತೆಯ ಗೆರೆಯನ್ನು ಕೊಟ್ಟರೆ ಸುರುಳಿಗಳು ಹೆಚ್ಚಿರುವ ಕನ್ನಡ ಪುಟದಲ್ಲಿ ಹೆಚ್ಚು ಕಪ್ಪಾಗಿ ಕಾಣುವುದರಿಂದ, ಕಣ್ಣಿಗೆ ಸಮನೆನಿಸಲು ಅಳತೆಯನ್ನು ಅಸಮಗೊಳಿಸಬೇಕಾಗುತ್ತದೆ. ಲ್ಯಾಟಿನ್ನಿನ ನೆಟ್ಟನೆಯ ಕಂಬಗಳನ್ನು ಕನ್ನಡದ ಮೇಲೆ ಹೇರಿದ ಫಾಂಟುಗಳು ಹೋಲಿಕೆಯನ್ನು ಸಾಧಿಸುತ್ತವೆ, ಓದಿಗೆ ಮಾತ್ರ ಒಗ್ಗುವುದಿಲ್ಲ.

ಮುಂಬೈಯ ಏಕ್ ಟೈಪ್ ಎಂಬ ಫಾಂಟ್ ವಿನ್ಯಾಸಕರ ಬಳಗ ಹಿಡಿದ ದಾರಿ ಇದಕ್ಕಿಂತ ಭಿನ್ನವಾದುದು. ಅದರ ‘ಬಾಲೂ’ ಕುಟುಂಬದ ಕನ್ನಡ ಫಾಂಟಿಗೆ ‘ತಮ್ಮ’, ತೆಲುಗಿನದಕ್ಕೆ ‘ತಮ್ಮುಡು’, ತಮಿಳಿನದಕ್ಕೆ ‘ತಂಬಿ’ ಎಂದು ಹೆಸರಿಟ್ಟಿರುವುದು ತಮಾಷೆಯೆನಿಸಿದರೂ ವಿನ್ಯಾಸದ ನಿಲುವನ್ನೇ ಸೂಚಿಸುತ್ತದೆ. ಅಲ್ಲಿ ಲಿಪಿಗಳು ದುಂಡುತನವನ್ನೂ ಮೈತುಂಬಿದ ದಪ್ಪವನ್ನೂ ಹಂಚಿಕೊಳ್ಳುತ್ತವೆಯೇ ಹೊರತು ಒಂದು ಇನ್ನೊಂದರ ಅಂಗಗಳನ್ನು ಎರವಲು ಪಡೆಯುವುದಿಲ್ಲ. ಬಳಿಕ ಬಂದ ‘ಅನೇಕ್’ ಕುಟುಂಬ ಲ್ಯಾಟಿನ್ನಿನೊಡನೆ ಭಾರತದ 9 ಲಿಪಿಗಳನ್ನು ದಪ್ಪದಲ್ಲಿಯೂ ಅಗಲದಲ್ಲಿಯೂ ಹಿಗ್ಗಿಸಿ ಕುಗ್ಗಿಸಬಲ್ಲದು.

ರೂಪಗಳನ್ನು ಬರೆದ ಮೇಲೆ ಅವುಗಳ ನಡವಳಿಕೆಯನ್ನು ನಿಗದಿಪಡಿಸುವ ಕೆಲಸ ಉಳಿದಿರುತ್ತದೆ. ಉಚ್ಚಾರದಲ್ಲಿ ಮೊದಲು ಬರುವ ರೇಫ ಬರಹದಲ್ಲಿ ಅರ್ಕಾವೊತ್ತಾಗಿ ಮುಂದಿನ ಅಕ್ಷರದ ಬಲಕ್ಕೆ ಸರಿಯುವುದು, ಕೊಂಬು ಮತ್ತು ದೀರ್ಘಗಳು ತಮ್ಮ ನೆಲೆಯಲ್ಲಿ ಕೂರುವುದು, ಇವೆಲ್ಲ ಫಾಂಟಿನೊಳಗಿನ ಕೋಷ್ಟಕಗಳನ್ನೂ ಅವುಗಳನ್ನು ಓದುವ ತಂತ್ರಾಂಶವನ್ನೂ ಅವಲಂಬಿಸಿರುತ್ತವೆ.

ಫಾಂಟು ಒಳಗೊಳ್ಳಬೇಕಾದ ಚಿಹ್ನೆಗಳ ಪಟ್ಟಿಯೂ ಬೆಳೆಯುತ್ತಲೇ ಇರುತ್ತದೆ. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಯ ಮತ್ತು ಹವ್ಯಕ ಕನ್ನಡದ ಮೂಗಿನುಲಿಯನ್ನು ಸೂಚಿಸಲು, ಅಕ್ಷರದ ಬಲಮೇಲ್ಭಾಗದಲ್ಲಿ ಬರುವ ಅನುಸ್ವಾರವೊಂದನ್ನು, ಅಕ್ಷರಸಂಕೇತಗಳ ಜಾಗತಿಕ ಮಾನದಂಡವಾದ ಯೂನಿಕೋಡ್ 2022ರಲ್ಲಿ ಸೇರಿಸಿಕೊಂಡಿತು. ಅದಕ್ಕೂ ಮೊದಲು ರಚಿತವಾದ ಕನ್ನಡ ಫಾಂಟುಗಳನ್ನು ಆ ಒಂದು ಚಿಹ್ನೆಗಾಗಿ ಮತ್ತೆ ತೆರೆದು, ಪ್ರತಿಯೊಂದು ಅಕ್ಷರದ ಮೇಲೂ ಅದು ಎಲ್ಲಿ ಕೂರಬೇಕೆಂಬುದನ್ನು ಗುರುತಿಸಬೇಕಾಗಿದೆ.