ಕಂಪ್ಲಿ ಬಸ್ಸಿನ ಕಿಟಕಿಯಲ್ಲಿ ಕಾಣೆಯಾದ ಊರುಗಳು

ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಕಂಪ್ಲಿ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಬುಕ್ಕಸಾಗರಕ್ಕೆ ಒಂದು ಟಿಕೆಟ್ ಕೇಳಿದೆ. ಬಸ್ಸಿನ್ನೂ ಹೊರಟಿರಲಿಲ್ಲ. ಅಷ್ಟರಲ್ಲೇ ನಾನು ಕಾಣೆಯಾದ ಊರೊಂದರ ನಡುಮಧ್ಯೆ ಕೂತಿದ್ದೆ!

ಹೊಸಪೇಟೆ ಅನ್ನುವ ಹೆಸರೇ ಒಂದು ಮುಸುಕು. ಅದರಡಿ ಇರುವುದು ನಾಗಲಾಪುರ. ಕೃಷ್ಣದೇವರಾಯ ಕಟ್ಟಿಸಿದ ಊರು. ತಾಯಿ ನಾಗಲಾಂಬಿಕೆಯ ನೆನಪಿಗೆ ಕಟ್ಟಿಸಿದ ಎಂದು ನಮ್ಮವರು ಹೇಳುತ್ತಾರೆ. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ನನ್ನು ಕೇಳಿದರೆ, ಅಲ್ಲಲ್ಲ, ಅರಸ ತನ್ನ ಪ್ರೀತಿಯ ಹೆಂಡತಿಗಾಗಿ ಕಟ್ಟಿಸಿದ್ದು ಎನ್ನುತ್ತಾನೆ. ತಾಯಿಯೋ ಮಡದಿಯೋ, ಇಬ್ಬರ ಹೆಸರೂ ಇವತ್ತು ಬಸ್ಸಿನ ಬೋರ್ಡಿನ ಮೇಲಿಲ್ಲ. ಆದರೆ ನನ್ನನ್ನು ಬೆಚ್ಚಿಬೀಳಿಸಿದ್ದು ಪಾಯಸ್ ಹೇಳುವ ಇನ್ನೊಂದು ಸಂಗತಿ. ಈ ಹೊಸ ಊರಿನಿಂದ ವಿಜಯನಗರದವರೆಗೆ ಹೋಗುವ ದಾರಿಯ ಎರಡೂ ಬದಿಗೆ ಮನೆಗಳು, ಅಂಗಡಿಗಳು, ಸಾಲುಮರಗಳು! ಅಂದರೆ ಐನೂರು ವರ್ಷದ ಹಿಂದೆಯೇ ಇದು ಹೆದ್ದಾರಿ, ಅದೂ ಉದ್ದಕ್ಕೂ ಬಜಾರು ಇದ್ದ ಹೆದ್ದಾರಿ. ಈಗ ಕಿಟಕಿಯಾಚೆ ಟೈರ್ ಪಂಕ್ಚರ್ ಅಂಗಡಿ, ಮಿರ್ಚಿ ಬಂಡಿ, ರಸಗೊಬ್ಬರದ ಮಳಿಗೆ. ಪಾಯಸ್ ಬಂದು ನಿಂತರೂ ಬಹಳ ಗಾಬರಿಯಾಗಲಾರ ಅನ್ನಿಸಿತು.

ಬಸ್ಸು ಊರು ದಾಟುವುದರೊಳಗೆ ಎರಡನೆಯದು ಬಂತು. ಅನಂತಶಯನಗುಡಿ. ಇದರ ಹಳೆಯ ಹೆಸರು ಸಾಲೆ ತಿರುಮಲ ಮಹಾರಾಯಪುರ. ಕೃಷ್ಣದೇವರಾಯನ ಮಗ ತಿರುಮಲರಾಯನ ಹೆಸರಿನಲ್ಲಿ 1524ರಲ್ಲಿ ಹುಟ್ಟಿದ ಪೇಟೆ. ಇಲ್ಲಿ ಊರಷ್ಟೇ ಅಲ್ಲ, ದೇವರೇ ನಾಪತ್ತೆ! ಎತ್ತರದ ಗುಡಿ ಇದೆ, ಒಳಗೆ ಉದ್ದನೆಯ ಪೀಠ ಇದೆ, ಮಲಗಬೇಕಾದ ಅನಂತಶಯನ ಮಾತ್ರ ಇಲ್ಲ. ಹಾಗಾದರೆ ಸ್ವಾಮಿ ಎಲ್ಲಿ? ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ, ನಿಶ್ಚಿಂತೆಯಿಂದ ಮಲಗಿದ್ದಾನೆ. ಹಿಂದೆ ತಿರುಗಿ ನೋಡದೆ ನಡೆದರೆ ನಿನ್ನ ಹಿಂದೆ ಬರುತ್ತೇನೆ ಎಂದು ದೇವರು ಅರಸನಿಗೆ ಮಾತು ಕೊಟ್ಟನಂತೆ, ಅರಸನಿಗೆ ತಡೆಯಲಾಗದೆ ತಿರುಗಿ ನೋಡಿದನಂತೆ, ದೇವರು ಅಲ್ಲೇ ಒರಗಿದನಂತೆ. ಕತೆ ನಂಬಿ, ಬಿಡಿ. ಪೀಠ ಖಾಲಿ ಇರುವುದು ನಿಜ, ಹೊಳಲಿನಲ್ಲಿ ಮೂರ್ತಿ ಇರುವುದೂ ನಿಜ. ಈ ಸೀಮೆಯ ದೇವರುಗಳಿಗೆ ಊರು ಬಿಡುವ ಚಾಳಿ ಇದ್ದಂತಿದೆ. ಉದಯಗಿರಿಯಿಂದ ಗೆದ್ದು ತಂದು 1515ರಲ್ಲಿ ಹಂಪಿಯಲ್ಲಿ ಪ್ರತಿಷ್ಠೆ ಮಾಡಿದ ಬಾಲಕೃಷ್ಣ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದ್ದಾನೆ.

ಕಮಲಾಪುರದಲ್ಲಿ ಬಸ್ಸು ನಿಂತಿತು. ಇಲ್ಲಿ ಪಟ್ಟಾಭಿರಾಮ ಗುಡಿಯ ಸುತ್ತ ಇದ್ದದ್ದು ವರದಾದೇವಿಯಮ್ಮನ ಪಟ್ಟಣ, ಅಚ್ಯುತರಾಯನ ರಾಣಿಯ ಹೆಸರಿನ ಊರು. ಕೈಬೆರಳು ಮಡಚುತ್ತಾ ಬಂದೆ. ನಾಗಲಾಪುರ, ತಿರುಮಲರಾಯಪುರ, ವರದಾದೇವಿಯಮ್ಮನ ಪಟ್ಟಣ. ಹತ್ತು ಹನ್ನೆರಡು ಕಿಲೋಮೀಟರಿನೊಳಗೆ ಮೂರು ಪಟ್ಟಣ ಮಾಯ! ಇವೆಲ್ಲ ತಾಯಿಮರದ ಸುತ್ತ ಎದ್ದ ಮರಿಗಿಡಗಳು. ತಾಯಿಮರವಾದ ವಿಜಯನಗರವೇ ಉರುಳಿದ್ದು 1565ರ ಜನವರಿ 23ರಂದು, ಇಲ್ಲಿಂದ ದೂರದ ಕೃಷ್ಣೆಯ ಬದಿಯಲ್ಲಿ. ಅಲ್ಲಿನ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಉರುಳಿದ ಸುದ್ದಿ ಬಂದದ್ದೇ ತಡ, ಅವನ ತಮ್ಮ ತಿರುಮಲ ಬೊಕ್ಕಸ ಹೇರಿಕೊಂಡು ಪೆನುಗೊಂಡೆಯ ದಾರಿ ಹಿಡಿದ. 550 ಆನೆಗಳ ಮೇಲೆ ಸಂಪತ್ತು ಹೋಯಿತು ಎಂದು 1900ರಲ್ಲಿ ರಾಬರ್ಟ್ ಸೆವೆಲ್ ಬರೆದ. ಐನೂರೈವತ್ತು ಆನೆ! ಒಂದರ ಬಾಲ ಹಿಡಿದು ಇನ್ನೊಂದು ಹೊರಟರೆ ಎಷ್ಟು ಉದ್ದದ ಸಾಲು, ನೀವೇ ಊಹಿಸಿ.

ಎರಡು ವರ್ಷ ಬಿಟ್ಟು, 1567ರಲ್ಲಿ, ವೆನಿಸ್‌ನ ವ್ಯಾಪಾರಿ ಸೀಸರ್ ಫೆಡೆರಿಚಿ ಇಲ್ಲಿಗೆ ಬಂದ. ಅವನು ಕಂಡದ್ದು ಸುಟ್ಟ ಬೂದಿಯನ್ನಲ್ಲ. ಮನೆಗಳು ನಿಂತೇ ಇದ್ದವು, ಒಳಗೆ ಮನುಷ್ಯರಿಲ್ಲ, ಹುಲಿಗಳು ಓಡಾಡುತ್ತಿದ್ದವಂತೆ! ಕದ, ಕಿಟಕಿ, ಜಗುಲಿ ಎಲ್ಲ ಇದ್ದು ಜನ ಮಾತ್ರ ಇಲ್ಲದ ರಾಜಧಾನಿ. ಕಮಲಾಪುರದಲ್ಲಿ ಬಸ್ಸಿಗೆ ಹತ್ತಿದ ಶಾಲೆ ಹುಡುಗರ ಗದ್ದಲದ ನಡುವೆಯೂ ಆ ಚಿತ್ರ ನೆನೆದು ಮೈ ಜುಮ್ಮೆಂದಿತು.

ಕಾಣೆಯಾದದ್ದರ ಮಾತು ಬಂದಾಗ ಇನ್ನೊಂದು ರಸ್ತೆಯ ಸಂಗತಿ ಹೇಳಿಯೇ ಮುಂದೆ ಹೋಗಬೇಕು. ಕೆನಡಾದಲ್ಲಿ ಪ್ರಿನ್ಸ್ ಜಾರ್ಜ್‌ನಿಂದ ಪ್ರಿನ್ಸ್ ರೂಪರ್ಟ್‌ವರೆಗೆ ಏಳುನೂರು ಕಿಲೋಮೀಟರಿಗೂ ಉದ್ದ ಒಂದು ರಸ್ತೆ ಇದೆ, ಹೆದ್ದಾರಿ 16. ಜನ ಅದನ್ನು ಕಣ್ಣೀರಿನ ಹೆದ್ದಾರಿ ಎನ್ನುತ್ತಾರೆ. ಅಲ್ಲಿ ಕಾಣೆಯಾದದ್ದು ಊರುಗಳಲ್ಲ, ಹೆಣ್ಣುಮಕ್ಕಳು. ಹೆಚ್ಚಿನವರು ಮೂಲನಿವಾಸಿ ಸಮುದಾಯದವರು. ಆ ರಸ್ತೆಯೂ ಸೇರಿದಂತೆ ಆ ಭಾಗದ ಹೆದ್ದಾರಿಗಳಲ್ಲಿ ಕಾಣೆಯಾದ, ಕೊಲೆಯಾದ 18 ಮಂದಿಯ ಪ್ರಕರಣಗಳನ್ನು ಅಲ್ಲಿನ ಪೊಲೀಸರು ಒಟ್ಟಿಗೆ ಕೈಗೆತ್ತಿಕೊಂಡರು. ಊರಿಂದೂರಿಗೆ ಹೋಗಲು ಬಸ್ಸಿಲ್ಲದೆ ಕಂಡವರ ಗಾಡಿಗೆ ಕೈ ಅಡ್ಡ ಹಿಡಿಯಬೇಕಾದದ್ದೂ ಒಂದು ಕಾರಣ. ವರ್ಷಗಳ ಕೂಗಿನ ನಂತರ, 2017ರಲ್ಲಿ, ಊರುಗಳನ್ನು ಜೋಡಿಸುವ ಬಸ್ಸುಗಳು ಬಂದವು. ಅದು ಬೆರಗಿನ ವಿಷಯವಲ್ಲ. ಆದರೆ ನನ್ನ ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯರು ಮೂವರ ಜಾಗದಲ್ಲಿ ನಾಲ್ವರು ಕೂತು ನಗುತ್ತಿದ್ದುದನ್ನು ನೋಡಿದಾಗ, ಈ ಲಟಾರಿ ಬಸ್ಸಿನ ಬೆಲೆ ಒಮ್ಮೆಗೇ ತಿಳಿಯಿತು.

ಕಮಲಾಪುರ ದಾಟಿ ಕಂಪ್ಲಿ ರಸ್ತೆಗೆ ಹೊರಳಿದ ಕೂಡಲೇ ರಸ್ತೆ ಬದಿಗೇ ಒಂದು ಜೈನ ಬಸದಿ, ಮುಂದೆ ಎತ್ತರದ ಕಂಬ. ನನ್ನ ಪ್ರಕಾರ ಇಡೀ ದಾರಿಯ ಅತಿ ದೊಡ್ಡ ಒಗಟು ಇದೇ. ಎರಡನೇ ಹರಿಹರನ ದಂಡನಾಯಕ ಇರುಗಪ್ಪ 1385ರಲ್ಲಿ ಕುಂಥು ಜಿನನಾಥನಿಗೆ ಕಟ್ಟಿಸಿದ ಬಸದಿ ಎಂದು ಕಂಬದ ಶಾಸನ ಹೇಳುತ್ತದೆ. ಅಕ್ಷರ ಕಲ್ಲಿನ ಮೇಲಿದೆ, ಸಾಕ್ಷಿಗೆ ಬೇರೇನೂ ಬೇಡ. ಆದರೆ ಜನ ಇದನ್ನು ಕರೆಯುವುದು ಗಾಣಿಗಿತ್ತಿ ಗುಡಿ! ದಂಡನಾಯಕನನ್ನು ಊರೇ ಮರೆತು, ಎಣ್ಣೆ ಮಾರುವ ಹೆಂಗಸೊಬ್ಬಳ ಹೆಸರು ಇಟ್ಟಿತು. ಯಾರು ಈಕೆ? ಗುಡಿಗೆ ದೀಪದೆಣ್ಣೆ ಕೊಟ್ಟವಳೇ? ಪಾಳು ಬಿದ್ದ ಮೇಲೆ ಮಳೆಗೆ ಇಲ್ಲಿ ಆಸರೆ ಪಡೆದವಳೇ? ಅವಳಿಗೊಂದು ಹೆಸರಿತ್ತಲ್ಲ, ಅದೆಲ್ಲಿ ಹೋಯಿತು? ಕಲ್ಲಿನಲ್ಲಿ ಕೆತ್ತಿಸಿಕೊಂಡವನನ್ನು ಬಾಯಿಮಾತಿನಲ್ಲಿ ಉಳಿದವಳು ಸೋಲಿಸಿದ್ದು ನೋಡಿ ನಾನು ಬಸ್ಸಿನೊಳಗೇ ಚಪ್ಪಾಳೆ ತಟ್ಟುವುದೊಂದು ಬಾಕಿ.

ಇನ್ನಷ್ಟು ದೂರ ಹೋದರೆ ಬಂಡೆಗಳ ಮೇಲೆ ಬಂಡೆ ಪೇರಿಸಿದ ಮಾಲ್ಯವಂತ ಬೆಟ್ಟ. ಪಕ್ಕದಲ್ಲಿದ್ದ ಅಜ್ಜಿ ಕಿಟಕಿಯತ್ತ ಕೈ ಮುಗಿದರು. “ರಾಮದೇವರು ಮಳಿಗಾಲ ಇಲ್ಲೇ ಕಳದಾನ ತಮ್ಮಾ, ಸೀತಮ್ಮನ ಸುದ್ದಿ ಬರಾಮಟ.” ನಾನು ಕೂತಲ್ಲೇ ನೆಟ್ಟಗಾದೆ. ಹೌದಲ್ಲ! ಈ ದಾರಿಯ ಮೊಟ್ಟಮೊದಲ ನಾಪತ್ತೆ ಪ್ರಕರಣವೇ ಅದು! ಹೊಳೆಯ ಬದಿಯ ಸುಗ್ರೀವ ಗುಹೆಯ ಬಳಿ ಬಂಡೆಯ ಮೇಲಿನ ಗೆರೆಗಳನ್ನು ಸೀತೆಯ ಸೆರಗಿನ ಗುರುತೆಂದು ಇವತ್ತಿಗೂ ತೋರಿಸುತ್ತಾರೆ. ಸುಳಿವು, ಸಾಕ್ಷಿ, ಹುಡುಕಾಟ ಎಲ್ಲ ಇದೆ, ಕಡೆಗೆ ಸಿಕ್ಕಿಯೂ ಬಿಟ್ಟಳು.

“ಯಾರ್ರೀ ಬುಕ್ಕಸಾಗ್ರ, ಮುಂದ್ ಬರ್ರೀ!”

ಇಳಿದೆ. ಬಾಳೆ ತೋಟ, ಗದ್ದೆ, ಆಚೆ ಹೊಳೆ, ಹೊಳೆಯಾಚೆ ಆನೆಗೊಂದಿ ಸೀಮೆಯ ಬೆಟ್ಟ. ಹೆಸರಿನಲ್ಲಿ ಒಬ್ಬ ಅರಸನೂ ಒಂದು ಸಾಗರವೂ ಇರುವ ಊರು ಹೀಗೆ ಸದ್ದಿಲ್ಲದೆ ಇರಬಹುದೇ? ಹೊಳೆಗೆ ಅಡ್ಡಲಾಗಿ ಕಡೆಬಾಗಿಲಿಗೆ ಹೋಗುವ ಸೇತುವೆ ಕಂಡಿತು. ಇದಕ್ಕೂ ಒಂದು ಹಿನ್ನೆಲೆ ಇದೆ. ಇಲ್ಲಿಂದ ಮೇಲಕ್ಕೆ, ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ ಎಷ್ಟು ವಿವಾದವೆಬ್ಬಿಸಿತೆಂದರೆ, 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಪಟ್ಟಿಯಿಂದ ಹೊರಬಂದದ್ದು 2006ರಲ್ಲಿ. ಸೇತುವೆ ಮಾತ್ರ ಪೂರ್ತಿಯಾಗಲೇ ಇಲ್ಲ. 2009ರ ಜನವರಿ 22ರಂದು ಕೆಲಸ ನಡೆಯುತ್ತಿದ್ದಾಗಲೇ ಹೊಳೆಗೆ ಕುಸಿಯಿತು. ಕೂಲಿಕಾರರ ಜೀವ ಹೋಯಿತು.

ಇಷ್ಟೆಲ್ಲ ಮಾಯವಾದ ಸೀಮೆಯಲ್ಲಿ ಮಾಯವಾಗದೆ ಉಳಿದದ್ದು ನೀರು! ಅರಸು ಹೋಯಿತು, ಪೇಟೆ ಹೋಯಿತು, ಬೊಕ್ಕಸ ಹೋಯಿತು, ವಿಜಯನಗರ ಕಾಲದ ತುರ್ತಾ ಕಾಲುವೆ ಮಾತ್ರ ಹರಿಯುತ್ತಲೇ ಇದೆ. ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ ಎಲ್ಲ ಆ ಕಾಲದ ಹೆಸರುಗಳೇ. ಬಸವಣ್ಣ ಕಾಲುವೆಗೆ ನೀರು ಕೊಡುತ್ತಿದ್ದ ಹಳೆಯ ಅಣೆಕಟ್ಟೆ 1953ರಲ್ಲಿ ನಿಂತ ತುಂಗಭದ್ರಾ ಜಲಾಶಯದಡಿ ಮುಳುಗಿತು, ಕಾಲುವೆ ಈಗ ಜಲಾಶಯದ ನೀರನ್ನೇ ಕುಡಿದು ಮುಂದೆ ಹೋಗುತ್ತದೆ. ಅದೇ ಹಿನ್ನೀರಿನಲ್ಲಿ ಮುಳುಗಿದ ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು.

ಗದ್ದೆಯಂಚಿನಲ್ಲಿ ಸಲಿಕೆ ಹಿಡಿದು ಮಡೆ ತಿರುಗಿಸುತ್ತಿದ್ದ ರೈತರೊಬ್ಬರನ್ನು, ಈ ಕಾಲುವೆ ಯಾರು ತೋಡಿಸಿದ್ದು ಯಜಮಾನ್ರೇ ಎಂದು ಕೇಳಿದೆ.

“ರಾಯರ ಕಾಲದ್ದ್ರೀ.”

“ಯಾವ ರಾಯರು?”

“ಯಾವ್ ರಾಯರಾದ್ರ ಏನ್ರಿ, ಇವತ್ತ ಪಾಳಿ ನಂದೈತಿ.”

ಮುಂದಿನ ಬಸ್ಸು ಹಿಡಿದು ಕಂಪ್ಲಿಗೆ ಹೊರಟೆ. ದಾರಿಯಲ್ಲಿ ಮತ್ತೊಂದು ಮಾಯಾಜಾಲ. 2021ರಲ್ಲಿ ವಿಜಯನಗರ ಎಂಬ ಹೆಸರು ಜಿಲ್ಲೆಯಾಗಿ ಮರಳಿ ಬಂತು, ಬುಕ್ಕಸಾಗರ ಅದರೊಳಗೆ, ಕಂಪ್ಲಿ ಬಳ್ಳಾರಿಯಲ್ಲೇ. ಹಾಗಾಗಿ ಇದೇ ರಸ್ತೆಯ ನಡುವೆ ಎಲ್ಲೋ ವಿಜಯನಗರ ಈಗಲೂ ದಿನಾ ಮಾಯವಾಗುತ್ತದೆ, ಹಿಂದಿರುಗುವಾಗ ಮತ್ತೆ ಪ್ರತ್ಯಕ್ಷವಾಗುತ್ತದೆ!

ಕಂಪ್ಲಿಯ ಕತೆ ಇವೆಲ್ಲಕ್ಕೂ ಹಳೆಯದು. ಇಲ್ಲಿ ಚಾಲುಕ್ಯರ ಅರಮನೆ ಇತ್ತು. 1040ರ ದಶಕದಲ್ಲಿ ಅದನ್ನು ಕೆಡವಿದೆನೆಂದು ರಾಜಾಧಿರಾಜ ಚೋಳ ಶಾಸನದಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆಮೇಲೆ ಗಂಡುಗಲಿ ಕುಮಾರರಾಮನ ತಂದೆ ಕಂಪಿಲರಾಯ ಈ ಹೆಸರಿನದೇ ಒಂದು ರಾಜ್ಯ ಆಳಿದ. ದೆಹಲಿಯ ತುಘಲಕನ ವಿರುದ್ಧ ದಂಗೆಯೆದ್ದು ಓಡಿಬಂದ ಗುರ್ಷಾಸ್ಪನಿಗೆ ಆಶ್ರಯ ಕೊಟ್ಟ, ಶರಣು ಬಂದವನನ್ನು ಒಪ್ಪಿಸಲಾರೆನೆಂದ, 1327ರಲ್ಲಿ ದೆಹಲಿಯ ದಂಡಿಗೆ ಎದುರಾಗಿ ಸತ್ತ. ಎಲ್ಲಿಯ ಮೊರಾಕ್ಕೊ, ಎಲ್ಲಿಯ ಕಂಪ್ಲಿ, ಈ ಸುದ್ದಿಯನ್ನು ಅಲ್ಲಿಂದ ಬಂದ ಪ್ರವಾಸಿ ಇಬ್ನ್ ಬತೂತಾ ಕೂಡ ಬರೆದಿಟ್ಟಿದ್ದಾನೆ!

ತಲೆ ತುಂಬಾ ಇದನ್ನೇ ತುಂಬಿಕೊಂಡು ಕಂಪ್ಲಿಯಲ್ಲಿ ಇಳಿದವನು ಎದುರಿಗಿದ್ದ ಪಾನ್ ಅಂಗಡಿಗೆ ನುಗ್ಗಿ, “ಇಲ್ಲಿ ಅರಮನೆ ಇತ್ತಲ್ಲ, ಎಲ್ಲಿ ಬರ್ತದೆ?” ಎಂದೆ.

ಆತ ಎಲೆಗೆ ಸುಣ್ಣ ಹಚ್ಚುತ್ತಾ ಒಂದು ಕ್ಷಣ ಯೋಚಿಸಿದ.

“ಅರಮನೆ... ಲಾಡ್ಜೇನ್ರೀ, ಕಲ್ಯಾಣಮಂಟಪಾನಾ?”