ಕಡಲಿನ ಕಳವು

ಹೊಲಕ್ಕೆ ಬೇಲಿಯುಂಟು, ಮನೆಗೆ ಬಾಗಿಲುಂಟು. ಕಡಲಿಗೆ ಎರಡೂ ಇಲ್ಲ. ಆದುದರಿಂದಲೇ ಕಡಲಿನಲ್ಲಿ ನಡೆಯುವ ಕಳವು ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಮಂಜೇಶ್ವರದಿಂದ ಕಾಸರಗೋಡಿನವರೆಗಿನ ಕಡಲತಡಿಯಲ್ಲಿ ಮೀನುಗಾರಿಕೆಯನ್ನೇ ನೆಚ್ಚಿದ ಕುಟುಂಬಗಳು ಅನೇಕವಿರುವುದರಿಂದ ಈ ವಿಷಯವನ್ನು ನಾವೆಲ್ಲರೂ ಅರಿತಿರುವುದು ಯುಕ್ತ.

ಅಕ್ರಮ ಮೀನುಗಾರಿಕೆಯೆಂದರೇನು? ಪರವಾನಗಿಯಿಲ್ಲದೆ ಮೀನು ಹಿಡಿಯುವುದು, ನಿಷೇಧದ ಕಾಲದಲ್ಲಿ ಬಲೆ ಬೀಸುವುದು, ನಿಷಿದ್ಧ ಬಲೆಗಳನ್ನು ಬಳಸುವುದು, ಪರದೇಶದ ಹಡಗುಗಳು ನಮ್ಮ ಮೇರೆಯೊಳಗೆ ನುಗ್ಗಿ ಮೀನನ್ನು ಕೊಂಡೊಯ್ಯುವುದು, ಇವೆಲ್ಲವೂ ಅದರಲ್ಲಿ ಸೇರುತ್ತವೆ. ದಡದಿಂದ 12 ನಾಟಿಕಲ್ ಮೈಲುಗಳವರೆಗಿನ ಮೀನುಗಾರಿಕೆ ರಾಜ್ಯದ ಆಡಳಿತಕ್ಕೆ ಒಳಪಟ್ಟುದು. 200 ನಾಟಿಕಲ್ ಮೈಲುಗಳವರೆಗಿನ ಸಂಪತ್ತಿನ ಮೇಲೆ 1976ರ ಕಾಯಿದೆಯಂತೆ ಭಾರತಕ್ಕೆ ಹಕ್ಕುಂಟು. 2009ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಲೋಕದಲ್ಲಿ ಅಕ್ರಮವಾಗಿಯೂ ಲೆಕ್ಕಕ್ಕೆ ಬಾರದೆಯೂ ಹಿಡಿಯಲ್ಪಡುವ ಮೀನು ವರ್ಷಕ್ಕೆ 1.1 ಕೋಟಿಯಿಂದ 2.6 ಕೋಟಿ ಟನ್ನು.

ಇದರಿಂದಾಗುವ ಮೊದಲನೆಯ ಹಾನಿ ಆರ್ಥಿಕವಾದುದು. ಅನೇಕ ಮೀನುಗಳು ಮಳೆಗಾಲದಲ್ಲಿ ಮೊಟ್ಟೆಯಿಡುತ್ತವೆ. ಆದುದರಿಂದಲೇ ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನಗಳ ಕಾಲ ಟ್ರಾಲ್ ಬೋಟುಗಳಿಗೆ ನಿಷೇಧವಿದೆ. ಪ್ರಖರ ದೀಪಗಳಿಂದ ಮೀನಿನ ಹಿಂಡನ್ನು ಸೆಳೆದು ಹಿಡಿಯುವುದನ್ನೂ, ಎರಡು ಬೋಟುಗಳು ಕೂಡಿ ಒಂದೇ ಬಲೆಯನ್ನು ಎಳೆಯುವುದನ್ನೂ ಕೇಂದ್ರ ಸರಕಾರವು 2017ರಲ್ಲಿ ನಿಷೇಧಿಸಿತು. ಇಂತಹ ವಿಧಾನಗಳಲ್ಲಿ ಬಲಿತ ಮೀನಿನೊಡನೆ ಮರಿಗಳೂ ಬಲೆಗೆ ಬೀಳುತ್ತವೆ. ಇದು ಬಿತ್ತನೆಯ ಬೀಜವನ್ನೇ ಕುಟ್ಟಿ ಉಂಡಂತೆ.

ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ನು ಬೂತಾಯಿ ದೊರೆತಿತ್ತು. 2021ರಲ್ಲಿ ದೊರೆತುದು ಕೇವಲ 3,297 ಟನ್ನು. ಇದಕ್ಕೆ ಕಡಲಿನ ಹವಾಮಾನದ ಏರುಪೇರು ಮುಖ್ಯ ಕಾರಣವೆಂಬುದು ನಿಜ. ಆದರೆ ಪ್ರಕೃತಿಯೇ ಮುನಿದಿರುವಾಗ ಮರಿಗಳನ್ನೂ ಬಾಚಿಕೊಂಡರೆ ಸಂತತಿ ಚೇತರಿಸಿಕೊಳ್ಳುವುದೆಂತು? ದೊಡ್ಡ ಬೋಟಿನವನು ಬೇರೆಡೆಗೆ ಹೋದಾನು. ನಾಡದೋಣಿಯವನು ಬರಿಗೈಯಲ್ಲಿ ದಡಕ್ಕೆ ಮರಳಬೇಕಾಗುತ್ತದೆ.

ಎರಡನೆಯ ಹಾನಿ ನಾಡಿನ ರಕ್ಷಣೆಗೆ ಸಂಬಂಧಿಸಿದುದು. 2008ರ ನವೆಂಬರದಲ್ಲಿ ಮುಂಬಯಿಯ ಮೇಲೆ ದಾಳಿಮಾಡಿದ ಹತ್ತು ಮಂದಿ ಘಾತುಕರು 'ಕುಬೇರ್' ಎಂಬ ಗುಜರಾತಿನ ಮೀನುಗಾರಿಕೆಯ ಬೋಟನ್ನು ಅಪಹರಿಸಿ ಬಂದವರು. ಬೋಟಿನವರು ಪ್ರಾಣ ತೆತ್ತರು. ಅನಂತರ ಬೋಟುಗಳ ನೋಂದಣಿಯನ್ನೂ ಮೀನುಗಾರರ ಗುರುತುಚೀಟಿಯನ್ನೂ ಬಿಗಿಗೊಳಿಸಲಾಯಿತು. ನಿಜವಾಗಿ ನೋಡಿದರೆ, ಕರಾವಳಿಯ ಕಾವಲಿಗೆ ಮೀನುಗಾರನೇ ಮೊದಲ ಕಣ್ಣು. ಅಪರಿಚಿತ ನೌಕೆಯನ್ನು ಕಂಡರೆ ಪ್ರಾಮಾಣಿಕನಾದವನು ಕೂಡಲೇ ತಿಳಿಸುತ್ತಾನೆ. ತಾನೇ ಕದ್ದು ಬಲೆ ಬೀಸುವವನು ಬಾಯಿ ಬಿಡಲಾರ. ಸಂಖ್ಯೆಯನ್ನು ಮರೆಸಿ ಓಡಾಡುವ ಬೋಟುಗಳು ಹೆಚ್ಚಿದಷ್ಟೂ ಶತ್ರುವಿಗೆ ಅಡಗಲು ಎಡೆ ಹೆಚ್ಚುತ್ತದೆ.

ನಾವೇನು ಮಾಡಬಹುದು? ಕೇರಳ ಸರಕಾರವು 2015ರಲ್ಲಿ ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಗೊತ್ತುಪಡಿಸಿತು: ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14. ವಿದ್ಯಾರ್ಥಿಗಳ ಪೆಟ್ಟಿಗೆಯಲ್ಲಿರುವ 15 ಸೆಂಟಿಮೀಟರಿನ ಅಳತೆಪಟ್ಟಿಯೇ ಈ ಪರೀಕ್ಷೆಗೆ ಸಾಕು. ಮೂತಿಯಿಂದ ಬಾಲದ ತುದಿಯವರೆಗೆ ಅಳೆದು ನೋಡಿರಿ. ಗಿಡ್ಡದಾಗಿದ್ದರೆ ಕೊಳ್ಳಬಾರದೆಂದು ಮನೆಯವರಿಗೆ ತಿಳಿಹೇಳಿರಿ. ಕೊಳ್ಳುವವರಿಲ್ಲದ ಮೀನನ್ನು ಯಾರೂ ಹಿಡಿಯರು. ಪಾಲಕರೂ ಇದಕ್ಕೆ ಕಿವಿಗೊಡಬೇಕು. ಜೂನ್ 5 ಪರಿಸರ ದಿನವಷ್ಟೇ ಅಲ್ಲ. ಅಕ್ರಮ ಮೀನುಗಾರಿಕೆಯನ್ನು ಎದುರಿಸುವುದಕ್ಕಾಗಿ ವಿಶ್ವಸಂಸ್ಥೆಯು ಗೊತ್ತುಪಡಿಸಿದ ದಿನವೂ ಅಹುದು. ಅಂದು ಶಾಲೆಯಲ್ಲಿ ಗಿಡ ನೆಡುವ ಕೈಗಳು ಕಡಲಿನ ಮರಿಗಳನ್ನೂ ನೆನೆಯಲಿ.